ಪಾಸ್‌ವರ್ಡ್ ಯಾರ ಮೊಬೈಲಿನಲ್ಲಿದೆ?

ವಿಶ್ವವಿದ್ಯಾಲಯದ ಲೈಬ್ರರಿಯ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನೋಡಿಕೊಳ್ಳಲು ಒಬ್ಬರೇ ಸಾಕು, ಆಗ ಬರಹದ ಧಾಟಿ ಒಂದೇ ಥರ ಇರುತ್ತದೆ ಅಂತ ಒಂದು ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಧಾಟಿ ವಿಷಯ ಒಪ್ಪುತ್ತೇನೆ. ಆದರೆ ಆ ಒಬ್ಬರಿಗೆ ವರ್ಗವಾದರೆ?

ನಮ್ಮ ಲೈಬ್ರರಿಯಲ್ಲಿ ಹಾಗೇ ಆಯಿತು. ಇನ್‌ಸ್ಟಾಗ್ರಾಂ ಖಾತೆ ಹಳೆಯ ಸಹೋದ್ಯೋಗಿಯ ಸ್ವಂತ ನಂಬರಿನಲ್ಲಿತ್ತು. ಪರೀಕ್ಷೆ ಸಮಯದಲ್ಲಿ ರೀಡಿಂಗ್ ರೂಮ್ ರಾತ್ರಿ 10ರವರೆಗೆ ತೆರೆದಿರುತ್ತದೆ ಅಂತ ಹಾಕಬೇಕು, ಓಟಿಪಿ ಅವರಿಗೆ ಹೋಗುತ್ತಿದೆ, ಅವರು ಬಸ್ಸಿನಲ್ಲಿ ನಿದ್ದೆ! ಕೊನೆಗೆ ಬಾಗಿಲಿಗೆ ಚೀಟಿ ಅಂಟಿಸಿದೆವು. ಫೇಸ್‌ಬುಕ್ ಪೇಜ್ ಆದರೆ ಹಲವರಿಗೆ ಅಧಿಕಾರ ಕೊಡಬಹುದು, ಪಾಸ್‌ವರ್ಡ್ ಹಂಚಬೇಕಿಲ್ಲ. ಅದನ್ನೂ ಮಾಡಿರಲಿಲ್ಲ.

ಆಮೇಲೆ ಆರು ಜನರ ತಂಡ ಮಾಡಿದರು. ಅದು ಇನ್ನೂ ತಮಾಷೆ. ಆಗಸ್ಟ್ 12, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಜನ್ಮದಿನವೆಂದು ಆಚರಿಸುವ ಗ್ರಂಥಪಾಲಕರ ದಿನಕ್ಕೆ ಒಂದು ಪೋಸ್ಟರ್. ಒಬ್ಬರಿಗೆ ಬಣ್ಣ ಸರಿಯಿಲ್ಲ, ಇನ್ನೊಬ್ಬರಿಗೆ ಕುಲಪತಿಗಳ ಫೋಟೋ ಬೇಕು. ಅದು ಒಪ್ಪಿಗೆಯಾಗಿ ಬಂದಾಗ 14ನೇ ತಾರೀಖು. ಓದುಗರ ಸಮಯ ಉಳಿಸಿ ಅಂತ ರಂಗನಾಥನ್ 1931ರಲ್ಲೇ ಹೇಳಿದ್ದರು ಅಲ್ವಾ, ಸಿಬ್ಬಂದಿಯ ಸಮಯದ್ದು ಸುಮ್ನೆ ಬಿಟ್ಟುಬಿಟ್ಟರೇನೋ!

ಈಗ ಇಬ್ಬರಿದ್ದೇವೆ. ಒಬ್ಬರು ಬರೆಯುವುದು, ಇನ್ನೊಬ್ಬರು ತಪ್ಪು ನೋಡಿ ಹಾಕುವುದು. ರಜೆಯಲ್ಲಿ ಅದಲುಬದಲು. ಖಾತೆಗಳೆಲ್ಲ ಲೈಬ್ರರಿಯ ಇಮೇಲ್‌ನಲ್ಲಿವೆ. ಐಡಿಯಾ ಯಾರು ಬೇಕಾದರೂ ಕೊಡಲಿ. ಜಾಸ್ತಿ ಲೈಕ್ ಬಂದದ್ದು ಕೌಂಟರಿನ ಅಟೆಂಡರ್ ಹೇಳಿದ್ದಕ್ಕೆ: ಪುಸ್ತಕದೊಳಗೆ ಮರೆತುಹೋದ ಹಾಲ್ ಟಿಕೆಟ್, ಬಸ್ ಪಾಸ್‌ಗಳ ಫೋಟೋ. ಹೆಸರು ಕಾಣದಂತೆ ಮುಚ್ಚಿಯೇ ಹಾಕಿದ್ದೆವು, ಆದರೂ ಮೂವರು ಓಡಿ ಬಂದರು.