ಬಿಟ್ಟ ಮೀನಿಗೊಂದು ಕ್ಯಾಮೆರಾ

ನನ್ನ ಹತ್ತಿರ ಬೇಯಿಸಿ ತಿಂದ ಮೀನಿಗಿಂತ ವಾಪಸ್ ನೀರಿಗೆ ಬಿಟ್ಟ ಮೀನಿನ ಫೋಟೋಗಳೇ ಜಾಸ್ತಿ ಇವೆ. ಇದನ್ನ ತೀರ್ಥಹಳ್ಳಿ ಕಡೆ ಇರುವ ನಮ್ಮ ಚಿಕ್ಕಪ್ಪನಿಗೆ ಫೋನಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದರು, "ಅಷ್ಟು ಚಳಿಲಿ ನಿಂತು ಹಿಡಿದಿದ್ದನ್ನ ಬಿಟ್ಟೆಯಾ? ಮತ್ತೆ ಕಡುಬಿಗೆ ಎಂಥ ಮಾಡಿದ್ರಿ ಮಾರಾಯ?"

ನಾನಿರುವುದು ಅಮೆರಿಕದ ಸಿಯಾಟಲ್ ಹತ್ತಿರ. ಸ್ನೋಕ್ವಾಲ್ಮಿ, ಸ್ಕೈಕೋಮಿಶ್ ಅಂತ ನದಿಗಳಿವೆ, ಕಾರಿನಲ್ಲಿ ಹೋಗಿ ಬೆಳಗ್ಗೆ ಗಾಳ ಹಾಕಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಆದರೆ ಗಾಳ ಹಾಕುವುದಕ್ಕೂ ಲೈಸೆನ್ಸ್ ಬೇಕು. ಹಿಡಿದ ಸಾಲ್ಮನ್ ಮೀನನ್ನ ಇಟ್ಟುಕೊಂಡರೆ ಅಲ್ಲೇ ಕಾರ್ಡಿನಲ್ಲಿ ಬರೆಯಬೇಕು. ಯಾವುದನ್ನ ಇಟ್ಟುಕೊಳ್ಳಬಹುದು, ಯಾವುದನ್ನ ಬಿಡಬೇಕು ಅನ್ನುವುದಕ್ಕೆ ಬೆನ್ನು ನೋಡಬೇಕು. ಬಾಲಕ್ಕಿಂತ ಸ್ವಲ್ಪ ಮುಂದೆ, ಬೆನ್ನ ಮೇಲೆ ಒಂದು ಪುಟ್ಟ ರೆಕ್ಕೆ ಇರುತ್ತದೆ, ಕಿರುಬೆರಳ ತುದಿಯಷ್ಟು. ಸರ್ಕಾರದ ಮರಿಮನೆಯಲ್ಲಿ ಬೆಳೆಸಿ ಬಿಟ್ಟ ಮೀನಾದರೆ ಸಾಮಾನ್ಯವಾಗಿ ಮರಿ ಇದ್ದಾಗಲೇ ಅದನ್ನ ಕತ್ತರಿಸಿರುತ್ತಾರೆ. ರೆಕ್ಕೆ ಇದ್ದರೆ ಕಾಡುಮೀನು ಅಂತ ಲೆಕ್ಕ, ಬಹಳ ಕಡೆ ಅದನ್ನ ಬಿಡಲೇಬೇಕು. ಅಷ್ಟೇ ಅಲ್ಲ, ನದಿಯಲ್ಲಿ ಬಿಡಬೇಕಾದ ಸಾಲ್ಮನ್‌ನ ಪೂರ್ತಿ ನೀರಿನಿಂದ ಮೇಲೆ ಎತ್ತುವ ಹಾಗೂ ಇಲ್ಲ.

ಈಗ ಗೊತ್ತಾಯ್ತಲ್ಲ, ಕ್ಯಾಮೆರಾದ ಕಷ್ಟ ಎಲ್ಲಿ ಶುರುವಾಗುತ್ತೆ ಅಂತ. ಮೀನನ್ನ ಎದೆಗೆ ಅಪ್ಪಿಕೊಂಡು ಹಲ್ಲು ಕಿರಿಯುವ ಫೋಟೋ ಇಲ್ಲಿ ನಡೆಯೋದಿಲ್ಲ. ಮೀನು ನೀರಲ್ಲೇ ಇರಬೇಕು, ಹಾಗಾದರೆ ಕ್ಯಾಮೆರಾನೇ ನೀರಿಗಿಳಿಯಬೇಕು.

ಊರಲ್ಲಿ ಈ ತಾಪತ್ರಯ ಇರಲಿಲ್ಲ. ಜೂನ್‌ನಲ್ಲಿ ಮೊದಲ ಮಳೆ ಜೋರಾಗಿ ಹಿಡಿದು ಹಳ್ಳ ಕೆಂಪಾಗಿ ತುಂಬಿದ ರಾತ್ರಿ ಯಾರೋ ಬಂದು "ಮೀನು ಹತ್ತಿದೆಯಂತೆ" ಅಂದರೆ ಸಾಕು, ಕಂಬಳಿಯೋ ಗೊರಬೋ ಹಾಕಿಕೊಂಡು, ಒಂದು ಕೈಲಿ ಬ್ಯಾಟ್ರಿ ಇನ್ನೊಂದು ಕೈಲಿ ಕತ್ತಿ ಹಿಡಿದು ಎಲ್ಲರೂ ಗದ್ದೆ ಅಂಚಿನ ಮೇಲೆ. ಮೊಟ್ಟೆ ಇಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನು. ಕೆಲವರು ಮೀನು ಹಿಡಿಯುವ ಬುಟ್ಟಿ, ಅಂದರೆ ಕೂಣಿ ಇಡುತ್ತಿದ್ದರು, ಕೆಲವರು ಕತ್ತಿಯಲ್ಲೇ ಕಡಿಯುತ್ತಿದ್ದರು. ಯಾರೂ ಫೋಟೋ ತೆಗೆಯಲಿಲ್ಲ. ಬೆಳಗ್ಗೆ ಒಲೆ ಮೇಲೆ ಮಡಕೆ ಕೂತಿದ್ದೇ ಸಾಕ್ಷಿ.

ಸಾಲ್ಮನ್ ಅಂದರೆ ನಮ್ಮ ಹತ್ತುಮೀನಿನ ದೊಡ್ಡಣ್ಣ ಅಷ್ಟೇ. ಸಮುದ್ರದಿಂದ ನದಿಗೆ ಹತ್ತುತ್ತದೆ, ಮೊಟ್ಟೆ ಇಡುತ್ತದೆ, ಈ ಕಡೆಯ ಸಾಲ್ಮನ್ ಆಮೇಲೆ ಅಲ್ಲೇ ಸಾಯುತ್ತದೆ. ಪಿಂಕ್ ಅನ್ನುವ ಜಾತಿ ಇಲ್ಲಿ ಬೆಸ ವರ್ಷಗಳಲ್ಲಿ ಮಾತ್ರ ದಂಡುಗಟ್ಟಿ ಬರುತ್ತದೆ, 2023ರಲ್ಲಿ ಬಂತು, 2025ರಲ್ಲಿ ಬಂತು. ಬಿಡುವುದು ನಮಗೂ ಹೊಸದೇನಲ್ಲ, ಅಲ್ವಾ? ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಹಾಕಿ ಕೈ ಮುಗಿದು ಬರುತ್ತೇವೆ, ಅಲ್ಲಿ ಗಾಳ ಹಾಕುವ ಧೈರ್ಯ ಯಾರಿಗೂ ಇಲ್ಲ. ನಮ್ಮಲ್ಲಿ ಅದು ದೇವರ ಮೀನು, ಇಲ್ಲಿ ರೂಲಿನ ಮೀನು. ಒಂದು ಮಾತು ಹೇಳಿಬಿಡುತ್ತೇನೆ, ಎರಡರಲ್ಲಿ ನನಗೆ ದೇವರ ಮೀನಿನ ಪದ್ಧತಿಯೇ ಗಟ್ಟಿ ಅನಿಸುತ್ತದೆ. ಕಾಯಲು ಯಾರೂ ನಿಲ್ಲಬೇಕಾಗಿಲ್ಲ. ಆದರೆ ದೇವಸ್ಥಾನದ ಮೆಟ್ಟಿಲಿನಿಂದ ಆಚೆ ಹೋದರೆ ಆ ಭಯ ಇಲ್ಲ. ಇಲ್ಲಿಯ ರೂಲು ಹೊಳೆ ಉದ್ದಕ್ಕೂ ಇದೆ.

ಇರಲಿ, ಕ್ಯಾಮೆರಾಕ್ಕೆ ಬರೋಣ. ನೀರಿಗಿಳಿಯುವ ಕ್ಯಾಮೆರಾ ಕೇಳಿದರೆ ಅಂಗಡಿಯಲ್ಲಿ ಮೊದಲು ತೋರಿಸುವುದೇ ಎಷ್ಟು ಆಳದವರೆಗೆ ತಡೆಯುತ್ತದೆ ಅನ್ನುವ ನಂಬರು. ಓಎಂ ಸಿಸ್ಟಮ್ ಕಂಪನಿಯ ಟಿಜಿ-7 15 ಮೀಟರ್, ಸ್ವಲ್ಪ ಹಳೆಯ ರಿಕೋ ಡಬ್ಲ್ಯುಜಿ-6 20 ಮೀಟರ್, ಹಳೆಯ ನಿಕಾನ್ ಡಬ್ಲ್ಯು300 ಅಂತೂ 30 ಮೀಟರ್. ಗಾಳ ಹಾಕುವವನಿಗೆ ಇದು ಸುಮ್ನೆ ಲೆಕ್ಕ. ನಮ್ಮ ಕೈ ಹೋಗುವುದು ಮೊಣಕೈ ಆಳಕ್ಕೆ, ಅದಕ್ಕಿಂತ ಕೆಳಗೆ ಹೋದರೆ ನಾವೇ ಬಿದ್ದಿದ್ದೇವೆ ಅಂತ ಅರ್ಥ. ನೋಡಬೇಕಾದ್ದು ಬೇರೆ. ಎಡಗೈಯಲ್ಲಿ ಮೀನಿನ ಬಾಲದ ಬುಡ ಹಿಡಿದಿರುತ್ತೀರಿ. ಆ ಕೈಯೂ ಒದ್ದೆ ಇರಬೇಕು, ಒಣ ಕೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಹೋಗುತ್ತದೆ. ರಾಡ್ ಕಂಕುಳಲ್ಲಿ. ಉಳಿದಿದ್ದು ಚಳಿಗೆ ಮರಗಟ್ಟಿದ ಬಲಗೈ ಒಂದೇ. ಆ ಒಂದು ಕೈಯಲ್ಲಿ ಜೇಬಿನಿಂದ ತೆಗೆದು, ಆನ್ ಮಾಡಿ, ನೀರಿಗೆ ಅದ್ದಿ, ಬಟನ್ ಒತ್ತಲು ಆಗುತ್ತಾ? ಹತ್ತು ಸೆಕೆಂಡಿನಲ್ಲಿ? ಅಂಗಡಿಯಲ್ಲೇ ಕೈಗವಸು ಹಾಕಿಕೊಂಡು ಒಂದು ಸಲ ಮಾಡಿ ನೋಡಿ. ಯಾರಾದರೂ ನಕ್ಕರೆ ನಗಲಿ.

ಫೋನ್ ಸಾಕಲ್ಲ ಅಂತ ನನ್ನ ಹೆಂಡತಿಯೂ ಕೇಳಿದಳು. ಈಗಿನ ಎಷ್ಟೋ ಫೋನುಗಳಿಗೆ ನೀರು ತಡೆಯುತ್ತದೆ ಅನ್ನುವ ಐಪಿ68 ಗುರುತು ಇರುತ್ತದೆ, ನಿಜ. ಆದರೆ ಅದು ಅಲುಗಾಡದ ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆ. ಉಪ್ಪುನೀರಿನ ಮಾತು ಬೇರೆ, ರಭಸದ ಹೊಳೆ ಮಾತು ಬೇರೆ. ಒಳಗೆ ನೀರು ಹೋದರೆ ವಾರಂಟಿ ಸಿಗುವುದು ಅಪರೂಪ. ಅದಕ್ಕಿಂತ ದೊಡ್ಡ ತೊಂದರೆ ಟಚ್ ಸ್ಕ್ರೀನ್. ನೀರೊಳಗೆ ಅದಕ್ಕೆ ಬೆರಳು ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ. ಗೋಪ್ರೋ ಥರದ ಪುಟ್ಟ ಕ್ಯಾಮೆರಾನ ಟೋಪಿಗೆ ಸಿಕ್ಕಿಸಿಕೊಂಡರೆ ವಿಡಿಯೋಗೆ ಚೆನ್ನ, ಆದರೆ ಅಷ್ಟು ಅಗಲದ ಲೆನ್ಸಿನಲ್ಲಿ ಎಂಥ ಮೀನೂ ಮರಿ ಥರ ಕಾಣುತ್ತದೆ. ಗಾಳದವರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ನಾನು ಈಗ ಇಟ್ಟುಕೊಂಡಿರುವುದು ಟಿಜಿ-7. 2023ರಲ್ಲಿ ಬಂದಿದ್ದು, ಆಗ ಸುಮಾರು 550 ಡಾಲರ್. ಬರೀ 12 ಮೆಗಾಪಿಕ್ಸೆಲ್, ಸೆನ್ಸರ್ ಚಿಕ್ಕದು, ಜೂಮ್ ನಾಲ್ಕೇ ಪಟ್ಟು. ಲೆನ್ಸ್ ಹೊರಗೆ ಚಾಚುವುದೇ ಇಲ್ಲ, ಎಲ್ಲ ಒಳಗೇ ಮಡಚಿಟ್ಟಿದ್ದಾರೆ. ನೀರು ತಡೆಯುವ ಗುಟ್ಟೂ ಅದೇ, ಜೂಮ್ ಕಮ್ಮಿ ಇರಲು ಕಾರಣವೂ ಅದೇ. ಬಿಸಿಲಲ್ಲಿ ನಿಂತ ಮೊಮ್ಮಗುವಿನ ಫೋಟೋ ತೆಗೆಯಲು ಇಷ್ಟು ದುಡ್ಡು ಕೊಡಬೇಡಿ, ಅದಕ್ಕೆ ಫೋನೇ ಮೇಲು. ಆದರೆ 2.1 ಮೀಟರ್ ಎತ್ತರದಿಂದ ಬಿದ್ದರೂ, ಮೈನಸ್ 10 ಡಿಗ್ರಿ ಚಳಿಯಲ್ಲೂ ತಡೆಯುತ್ತದೆ ಅಂತ ಕಂಪನಿ ಹೇಳುತ್ತದೆ, ಬೀಳಿಸುವ ಕೆಲಸ ನಾನು ಧಾರಾಳವಾಗಿ ಮಾಡಿದ್ದೇನೆ. ಇದರಲ್ಲಿ ಪ್ರೋ ಕ್ಯಾಪ್ಚರ್ ಅಂತ ಒಂದಿದೆ, ಬಟನ್ ಪೂರ್ತಿ ಒತ್ತುವ ಅರ್ಧ ಸೆಕೆಂಡ್ ಮೊದಲಿನ ಚಿತ್ರಗಳನ್ನೂ ಹಿಡಿದಿಡುತ್ತದೆ. ಬಿಟ್ಟ ಮೀನು ಬಾಲ ಬೀಸಿ ಹೋಗುವುದು ಆ ಅರ್ಧ ಸೆಕೆಂಡಿನಲ್ಲೇ. ಜಿಪಿಎಸ್ ಇದೆ, ಅದನ್ನ ಆಫ್ ಮಾಡಿ. ಬ್ಯಾಟರಿ ಉಳಿಯಲಿ ಅಂತ ಒಂದು ಕಾರಣ. ನೀವು ಮೀನು ಹಿಡಿಯುವ ಹೊಳೆಗುಂಡಿಯ ಜಾಗ ಫೋಟೋ ಜೊತೆ ಊರಿಗೆಲ್ಲ ಹೋಗದಿರಲಿ ಅಂತ ಇನ್ನೊಂದು, ಅಸಲಿ ಕಾರಣ.

ಇದಕ್ಕೂ ಮೊದಲು ಸೆಕೆಂಡ್ ಹ್ಯಾಂಡ್ ಒಂದು ತಗೊಂಡಿದ್ದೆ, ಬೇರೆ ಕಂಪನಿಯದ್ದು. ಅದು ಸತ್ತಿದ್ದು ನನ್ನ ಕೈಯಲ್ಲೇ. ಬ್ಯಾಟರಿ ಬಾಗಿಲಿನ ಸುತ್ತ ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ಕುಕ್ಕರ್ ಗ್ಯಾಸ್ಕೆಟ್ ಮೇಲೆ ಒಂದು ಅಗಳು ಅನ್ನ ಕೂತಿದ್ದರೆ ಸೀಟಿ ಬರುತ್ತಾ? ಹಾಗೇ ಇದು. ಹೊಳೆದಂಡೆ ಮೇಲೆ ಗಾಳಿಯಲ್ಲಿ ಬ್ಯಾಟರಿ ಬದಲಾಯಿಸಿದೆ, ಒಂದು ಕೂದಲೆಳೆ ಅಲ್ಲಿ ಸಿಕ್ಕಿಕೊಂಡಿತ್ತು. ನೀರಿಗೆ ಅದ್ದಿ ತೆಗೆದಾಗ ಲೆನ್ಸಿನ ಗಾಜಿನ ಒಳಗಡೆ ಒಂದು ಹನಿ, ಸಣ್ಣ ಮುತ್ತಿನ ಹಾಗೆ, ಕ್ಯಾಮೆರಾ ಓರೆ ಮಾಡಿದ ಕಡೆ ಉರುಳುತ್ತಿತ್ತು. ಅಕ್ಕಿ ಡಬ್ಬದಲ್ಲಿ ನಾಲ್ಕು ದಿನ ಇಟ್ಟೆ. ಅಕ್ಕಿ ಚೆನ್ನಾಗಿಯೇ ಇತ್ತು, ಕ್ಯಾಮೆರಾ ಇರಲಿಲ್ಲ. ಅವತ್ತಿನಿಂದ ಬ್ಯಾಟರಿ ಹಾಕುವುದು ಮನೆಯಲ್ಲೇ, ಗ್ಯಾಸ್ಕೆಟ್ ಒರೆಸಿಯೇ ಮುಚ್ಚುವುದು. ಸಮುದ್ರಕ್ಕೆ ಹೋಗಿ ಬಂದ ದಿನ ಬಾಗಿಲು ಮುಚ್ಚಿಟ್ಟೇ ಬಕೆಟ್ ಸಿಹಿನೀರಿನಲ್ಲಿ ನೆನೆಹಾಕುವುದು. ಮತ್ತೆ ಹತ್ತಿಪ್ಪತ್ತು ಡಾಲರ್ ಕೊಟ್ಟು ತೇಲುವ ಪಟ್ಟಿಯನ್ನೂ ತಗೊಳ್ಳಿ, ಕಿತ್ತಳೆ ಬಣ್ಣದ್ದು. ವಾಟರ್‌ಪ್ರೂಫ್ ಅಂದರೆ ತೇಲುತ್ತದೆ ಅಂತಲ್ಲ. ಕಲ್ಲಿನ ಹಾಗೆ ಮುಳುಗುತ್ತದೆ, ಕೆಡದೆ ತಳದಲ್ಲಿ ಬಿದ್ದಿರುತ್ತದೆ ಅಷ್ಟೇ.

ಹೋದ ಸಲ ಜೂನ್‌ನಲ್ಲಿ ಊರಿಗೆ ಹೋದಾಗ ಇದನ್ನ ತಗೊಂಡು ಹೋದೆ. ಚಿಕ್ಕಪ್ಪ ಮಳೆಗಾಲವಿಡೀ ತಮ್ಮ ಫೋನನ್ನ ಒಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಜೇಬಿಗೆ ಇಳಿಸಿರುತ್ತಾರೆ. ಮೇಲಿನಿಂದ ಬರುವ ಮಳೆಗೆ ಅದು ಸಾಕು, ಖರ್ಚು ಸೊನ್ನೆ. ನನ್ನ ಕ್ಯಾಮೆರಾ ತೂಗಿ ನೋಡಿ, ರೇಟು ಕೇಳಿ, ವಾಪಸ್ ಕೊಟ್ಟರು.

ಆ ರಾತ್ರಿ ಮೀನು ಹತ್ತಿತು. ಗದ್ದೆ ಕಂಡಿಯಲ್ಲಿ ನೀರು ಅಷ್ಟೇನೂ ರಾಡಿ ಇರಲಿಲ್ಲ. ಚಿಕ್ಕಪ್ಪ ಬ್ಯಾಟ್ರಿ ಹಿಡಿದರು, ನಾನು ಮಂಡಿಯೂರಿ ಕ್ಯಾಮೆರಾ ಅದ್ದಿ ಬಟನ್ ಒತ್ತಿದೆ. ತೆಗೆದು ತೋರಿಸಿದೆ. ಹುಲ್ಲಿನ ಎಳೆಗಳ ನಡುವೆ ಒಂದು ಮೀನು, ಬಾಯಿ ಸ್ವಲ್ಪ ತೆರೆದು, ಎದುರು ನೀರಿಗೆ ಮೈಯೊಡ್ಡಿ ನಿಂತಿತ್ತು. ಅರವತ್ತು ವರ್ಷ ಆ ಗದ್ದೆಯಲ್ಲಿ ಮೀನು ಕಡಿದವರು ಮುಖ ಹತ್ತಿರ ತಂದು, ಸ್ಕ್ರೀನಿನ ಮೇಲಿನ ನೀರನ್ನ ಹೆಬ್ಬೆರಳಲ್ಲಿ ಒರೆಸಿ, ಎರಡು ಸಲ ನೋಡಿದರು.

"ಹೊಟ್ಟೆ ತುಂಬ ಮೊಟ್ಟೆ ಇದೆ ನೋಡು," ಅಂದರು.

"ಬಿಡೋದಾ ಚಿಕ್ಕಪ್ಪ?"

"ನಿಂದು ಫೋಟೋ ಆಯ್ತಲ್ಲ, ಆ ಕತ್ತಿ ಈಚೆ ಕೊಡು."

ಕೊಟ್ಟೆ. ಮನೆಗೆ ಬಂದು ಬಚ್ಚಲಲ್ಲಿ ಕ್ಯಾಮೆರಾವನ್ನ ಬಕೆಟ್ಟಿಗೆ ಹಾಕಿ ಕೆಸರು ತೊಳೆದೆ. ಪಕ್ಕದಲ್ಲೇ ಚಿಕ್ಕಮ್ಮ ಮೀನು ತೊಳೆಯುತ್ತಿದ್ದರು.