ಅವರ ಕೈಗೆ ಮಕ್ಕಳ ಬಣ್ಣದ ಹಾಳೆ ಕೊಡಬೇಡಿ

ಎರಡು ವರ್ಷದ ಹಿಂದೆ ಹೊರಗಿನಿಂದ ಬಂದ ತಂಡವೊಂದು ತಮಿಳುನಾಡಿನ ಭವಾನಿಸಾಗರದಲ್ಲಿರುವ ಇಲಂಗೈ (ಶ್ರೀಲಂಕಾ) ತಮಿಳರ ಶಿಬಿರದ ಹಿರಿಯರನ್ನೂ ಘಾಟಿನ ಮೇಲಿರುವ ನಮ್ಮ ತಾಳವಾಡಿಯ ಕನ್ನಡದ ಅಜ್ಜ ಅಜ್ಜಿಯರನ್ನೂ ಸೇರಿಸಿ ಚಿತ್ರ ಬರೆಸುವ ಕಾರ್ಯಕ್ರಮ ನಡೆಸಿತು. ಎರಡೂ ಭಾಷೆ ಬಲ್ಲವಳೆಂದು ನನ್ನನ್ನು ಕರೆದಿದ್ದರು. ಎಪ್ಪತ್ತು ದಾಟಿದವರ ಮುಂದೆ ಆನೆ, ಚಿಟ್ಟೆ ಅಚ್ಚಾದ ಹಾಳೆ ಇಟ್ಟು ಗೆರೆ ದಾಟದಂತೆ ಬಣ್ಣ ತುಂಬಿ ಎಂದರು. ಊಟವಾದ ಮೇಲೆ, "ಬಿಟ್ಟು ಬಂದ ಮನೆಯ ಚಿತ್ರ ಬರೆಯಿರಿ" ಎಂದರು. ಅದನ್ನು ತಮಿಳಿನಲ್ಲಿ ಹೇಳಿದವಳು ನಾನು. 1990ರಲ್ಲಿ ತ್ರಿಕೋಣಮಲೆಯಿಂದ ಹೊರಟು ಮನ್ನಾರಿನಲ್ಲಿ ದೋಣಿ ಹತ್ತಿ ಬಂದ ತಾಯಿಯೊಬ್ಬರು ಹಾಳೆಯನ್ನು ಬೋರಲು ಹಾಕಿ ಎದ್ದು ಹೋದರು. ಆ ಮಾತು ನನ್ನ ಬಾಯಿಂದ ಬಂತಲ್ಲ ಎಂಬುದು ಇವತ್ತಿಗೂ ನನ್ನನ್ನು ಸುಡುತ್ತದೆ.

ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ 1983ರ ಜುಲೈ ಗಲಭೆಯ ನಂತರ ಅಲೆ ಅಲೆಯಾಗಿ ಬಂದವರು ಶಿಬಿರದ ಈ ಜನ. ತಮಿಳುನಾಡಿನಲ್ಲಿ ಇಂಥ ನೂರಕ್ಕೂ ಹೆಚ್ಚು ಶಿಬಿರಗಳಿವೆ. ನಿರಾಶ್ರಿತರ ಕುರಿತ 1951ರ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ, 2019ರ ಪೌರತ್ವ ತಿದ್ದುಪಡಿಯಲ್ಲೂ ಇವರಿಗೆ ಜಾಗ ಸಿಗಲಿಲ್ಲ. 2021ರಲ್ಲಿ ರಾಜ್ಯ ಸರ್ಕಾರ 'ನಿರಾಶ್ರಿತರ ಶಿಬಿರ' ಎಂಬ ಹೆಸರನ್ನು 'ಮರುವಾಳ್ವು ಮುಗಾಮ್' ಎಂದು ಬದಲಿಸಿತು, ಅಂದರೆ ಪುನರ್ವಸತಿ ಶಿಬಿರ. ಒಳ್ಳೆಯದೇ ಆಯಿತು. ಆದರೆ ಊರು ಯಾವುದು, ಯಾವಾಗ ಬಂದಿರಿ, ಜೊತೆಗೆ ಯಾರಿದ್ದರು, ಯಾರು ಉಳಿದರು ಎಂಬ ಪ್ರಶ್ನೆಗಳಿಗೆ ಈ ಜನ ಮೂವತ್ತು ನಲವತ್ತು ವರ್ಷಗಳಿಂದ ಉತ್ತರ ಕೊಡುತ್ತಲೇ ಇದ್ದಾರೆ. ನಾವೂ ಬಣ್ಣದ ಡಬ್ಬಿ ಹಿಡಿದು ಹೋಗಿ ಅದನ್ನೇ ಕೇಳಿದರೆ ನಮಗೂ ಕಚೇರಿಯ ದಫ್ತರಕ್ಕೂ ಏನು ವ್ಯತ್ಯಾಸ? ಕುಂಚ ಹಿಡಿದ ಆ ಎರಡು ಗಂಟೆಯಾದರೂ ಯಾರೂ ಏನೂ ಕೇಳದ ಹೊತ್ತಾಗಬೇಕು. ನಾನು ಹೇಳಬೇಕಾದದ್ದು ಇಷ್ಟೇ, ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಆಮೇಲೆ ನಾವು ನಾಲ್ಕೈದು ಮಂದಿ ಸೇರಿ ತಿಂಗಳಿಗೊಂದು ಭಾನುವಾರ ಬೇರೆ ರೀತಿಯಲ್ಲಿ ಶುರು ಮಾಡಿದೆವು. ಶಿಬಿರದ ಹೊರಗೆ ಒಂದು ಮನೆಯ ಹಜಾರ. ನೆಲದಲ್ಲಿ ಕೂರಲು ಮಂಡಿ ಬಿಡುವುದಿಲ್ಲವೆಂದು ಪ್ಲೈವುಡ್ ಹಲಗೆಗಳಿಗೆ ಕಪ್ಪು ಬಣ್ಣ ಬಳಿದು ಮೇಜಿನ ಮೇಲೆ ಇಟ್ಟೆವು. ಕೈ ನಡುಗುವವರ ಕುಂಚದ ಹಿಡಿಗೆ ಹಳೆಯ ಬಟ್ಟೆ ಸುತ್ತಿದೆವು. ಕೆಮ್ಮಣ್ಣು, ಅರಿಶಿನ, ಇದ್ದಿಲು, ರಂಗೋಲಿ ಪುಡಿ ಇಟ್ಟು ಸುಮ್ಮನೆ ಕುಳಿತೆವು. ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜನೊಬ್ಬರು ನೀಲಿ ಬಿಟ್ಟು ಬೇರೆ ಬಣ್ಣ ಮುಟ್ಟಲಿಲ್ಲ. ಹಳದಿಗಟ್ಟಿದ ಪೊರೆ ಹೋದ ಮೇಲೆ ನೀಲಿ ಎದ್ದು ಕಾಣುತ್ತದೆ, ಅವರಿಗೆ ಅದೇ ಸಂಭ್ರಮ.

ತಾಳವಾಡಿಯಿಂದ ಬರುವ ಅಜ್ಜಿ ದಿಂಬಂ ಘಾಟಿನ ಇಪ್ಪತ್ತೇಳು ತಿರುವುಗಳನ್ನು ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡೇ ಇಳಿಯುತ್ತಾರೆ. ಅವರು ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಎಳೆ ಸೇರಿಸತೊಡಗಿದರು. ಎದುರಿಗೆ ಕುಳಿತಿದ್ದವರು ಅಂದು ಹಾಳೆ ಬೋರಲು ಹಾಕಿದ ತಾಯಿಯೇ. ಮೂರು ತಿಂಗಳು ಬಾಗಿಲ ಬಳಿಯೇ ಕುಳಿತು ನೋಡಿ, ನಾಲ್ಕನೆಯ ತಿಂಗಳು ಮೇಜಿಗೆ ಬಂದಿದ್ದರು. ಅವರದು ಸಿಕ್ಕು ಕೋಲ ಎಂಬ ತಮಿಳು ರಂಗೋಲಿ: ಎಳೆ ಚುಕ್ಕಿಯನ್ನು ಸುತ್ತಿ ಬಳಸಿ ಹೋಗುತ್ತದೆ, ಮುಟ್ಟುವುದಿಲ್ಲ.

"ಚುಕ್ಕಿಗೆ ಎಳೆ ತಾಗಬಾರದಮ್ಮಾ" ಎಂದರು ಅವರು.

"ತಾಗದಿದ್ದರೆ ಚುಕ್ಕಿ ಯಾಕೆ ಇಡಬೇಕು, ತಾಯಿ?" ಎಂದರು ನಮ್ಮ ಅಜ್ಜಿ.

ಅರ್ಧ ಗಂಟೆ ವಾದ ನಡೆಯಿತು. ಒಬ್ಬರ ತಮಿಳು ಕನ್ನಡದಂತೆ, ಇನ್ನೊಬ್ಬರ ತಮಿಳು ನಮ್ಮ ಊರಿನವರು ಕೇಳದ ರಾಗದಲ್ಲಿ. ನಾನು ಅನುವಾದಿಸಲು ಹೋದಾಗ ಇಬ್ಬರೂ ಕೈಯಾಡಿಸಿ ನನ್ನನ್ನು ಸುಮ್ಮನಾಗಿಸಿದರು. ಕೊನೆಗೆ ಒಂದೇ ಹಲಗೆಯಲ್ಲಿ ಅರ್ಧ ತಾಗುವ ಎಳೆ, ಅರ್ಧ ತಾಗದ ಎಳೆ.

"ಇದರಿಂದ ಅವರ ಹೊಟ್ಟೆ ತುಂಬುತ್ತದೆಯೇ" ಎಂದು ಕೇಳುವವರಿದ್ದಾರೆ. ತುಂಬುವುದಿಲ್ಲ. ಪೌರತ್ವವೂ ಸಿಗುವುದಿಲ್ಲ, ಅದಕ್ಕೆ ಬೇರೆಯೇ ಹೋರಾಟ ಬೇಕು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ 2019ರಲ್ಲಿ ಹೊರತಂದ ವರದಿ, ದೇಹಕ್ಕೂ ಮನಸ್ಸಿಗೂ ಕಲೆಯಿಂದ ಒಳಿತಾಗುತ್ತದೆ ಎಂದಿದೆ. ನನಗೆ ಆ ವರದಿಗಿಂತ, ಭಾನುವಾರ ಬೆಳಿಗ್ಗೆ ಏಳಕ್ಕೇ ಸೀರೆ ಉಟ್ಟು ಬಸ್ಸಿಗೆ ಕಾಯುವ ಅಜ್ಜಿಯ ಮುಖ ಹೆಚ್ಚು ಹೇಳುತ್ತದೆ.

ಸ್ವಯಂಸೇವಕರಾಗಿ ಬರುತ್ತೇವೆ ಎನ್ನುವವರಲ್ಲಿ ನನ್ನ ಕೋರಿಕೆ: ಒಂದು ದಿನದ ಮಟ್ಟಿಗೆ ಬರಬೇಡಿ, ಆರು ತಿಂಗಳು ಬನ್ನಿ. ಮೊಬೈಲ್ ಚೀಲದಲ್ಲೇ ಇರಲಿ. ಘಾಟಿಯಲ್ಲಿ ರಾತ್ರಿ ಸಂಚಾರ ನಿಷೇಧವಿರುವುದರಿಂದ ಬೆಳಕಿರುವಾಗಲೇ ಅಜ್ಜಿಯರನ್ನು ಮೇಲೆ ತಲುಪಿಸಲು ಒಂದು ಜೀಪು ಬೇಕು. ಮನ್ನಾರಿನ ಅಜ್ಜ ಪೆಟ್ಟಿಗೆ ಹೆಣೆಯಲು ಕಲಿಸುತ್ತೇನೆ ಎಂದಿದ್ದಾರೆ. ಅವರು ಕೇಳಿದ್ದು ಪನೈ ಓಲೆ, ಅಂದರೆ ತಾಳೆ ಗರಿ. ಓಲೆ ಎಂದರೆ ನಮ್ಮಲ್ಲೂ ಗರಿಯೇ, ಕಾಗದವೂ ಹೌದು, ಕಿವಿಯ ಆಭರಣವೂ ಹೌದು ಎಂದು ಅಜ್ಜಿ ತಮ್ಮ ಕಿವಿ ತೋರಿಸಿದಾಗ ಅವರು ತುಂಬಾ ಹೊತ್ತು ನಕ್ಕರು. ಯಾರ ಹೊಲದ ಬದುವಿನಲ್ಲಾದರೂ ತಾಳೆ ಮರವಿದ್ದರೆ ಎಳೆಯ ಗರಿ ಕಡಿದು ತನ್ನಿ. ಬಲಿತದ್ದು ಬೇಡ, ಮಡಚಿದರೆ ಸೀಳುತ್ತದೆಯಂತೆ.