ಚಪ್ಪಲಿಗೆ ಬಂದ ಸಿಟ್ಟು ಸರಪಳಿಗೆ ಯಾಕೆ ಬರಲಿಲ್ಲ?

ಅಮ್ಮನಿಗೊಮ್ಮೆ ಎಂಆರ್‌ಐ ಮಾಡಿಸಬೇಕಾಗಿ ಬಂತು. ಒಳಗೆ ಹೋಗುವ ಮುಂಚೆ ಮೈಮೇಲೆ ಲೋಹದ ಚೂರೂ ಇರಬಾರದು ಅಂದರು. ಬಳೆ ತೆಗೆದಳು, ಓಲೆ ತೆಗೆದಳು, ಕಾಲುಂಗುರ ಬರಲೊಲ್ಲದು ಅಂತ ಸೋಪು ಹಚ್ಚಿ ಎಳೆದದ್ದೂ ಆಯಿತು. ತಾಳಿಯ ಹತ್ತಿರ ಹೋದ ಕೈ ಮಾತ್ರ ಅಲ್ಲೇ ನಿಂತಿತು. ಆಮೇಲೆ ಪರ್ಸಿನಿಂದ ಒಂದು ಪೊಟ್ಟಣ ತೆಗೆದಳು. ಅರಿಶಿನದ ಕೊಂಬು ಕಟ್ಟಿದ ಹಳದಿ ದಾರ, ಮನೆಯಿಂದಲೇ ಸಿದ್ಧ ಮಾಡಿಕೊಂಡು ಬಂದಿದ್ದಳು. ಅಪ್ಪ ಅದನ್ನು ಕೊರಳಿಗೆ ಕಟ್ಟಿದ ಮೇಲೆಯೇ ತಾಳಿ ಆಚೆ ಬಂದದ್ದು.

ನನಗೆ ಇಂಥದ್ದರಲ್ಲಿ ನಂಬಿಕೆ ಕಮ್ಮಿ. ಆದರೂ ಆ ಕಾರಿಡಾರಿನಲ್ಲಿ ಕೂತಾಗ ನೆನಪಾದದ್ದು 2017ರ ಡಿಸೆಂಬರ್ 28, ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಸಂಸತ್ತಿನಲ್ಲಿ ಎದ್ದು ನಿಂತ ದಿನ.

ಮೂರು ದಿನ ಮುಂಚೆ, ಕ್ರಿಸ್‌ಮಸ್ ದಿನ, ಪಾಕಿಸ್ತಾನ ಗೂಢಚಾರನೆಂದು ಹಿಡಿದಿಟ್ಟಿದ್ದ ನಮ್ಮ ನೌಕಾಪಡೆಯ ಮಾಜಿ ಅಧಿಕಾರಿ ಕುಲಭೂಷಣ್ ಜಾಧವ್ ಅವರ ತಾಯಿ ಮತ್ತು ಹೆಂಡತಿ ಇಸ್ಲಾಮಾಬಾದಿಗೆ ಹೋಗಿದ್ದರು. 2016ರ ಮಾರ್ಚಿನಿಂದ ಸೆರೆಯಲ್ಲಿದ್ದು, ಸೇನಾ ನ್ಯಾಯಾಲಯದಿಂದ ಮರಣದಂಡನೆಯಾದ ಮನುಷ್ಯನನ್ನು ನೋಡಲಿಕ್ಕೆ. ನಡುವೆ ಗಾಜಿನ ಗೋಡೆ, ಮಾತೆಲ್ಲ ಇಂಟರ್‌ಕಾಮಿನಲ್ಲಿ. ಸೀರೆ ಬಿಟ್ಟು ಬೇರೆ ಉಡದ ಆ ತಾಯಿಗೆ ಸಲ್ವಾರ್ ಹಾಕಿಸಿದರು. ಬಳೆ, ಬಿಂದಿ, ಮಂಗಳಸೂತ್ರ ತೆಗೆಸಿದರು, ಹೆಂಡತಿಯದಷ್ಟೇ ಅಲ್ಲ, ತಾಯಿಯದೂ. ಮಗ ಎದುರಿಗೆ ಬಂದವನು ಅಮ್ಮನ ಬರಿ ಕೊರಳು ನೋಡಿ ಮೊದಲು ಕೇಳಿದ್ದು "ಬಾಬಾ ಹೇಗಿದ್ದಾರೆ?" ಅಂತ. ಅಪ್ಪ ಹೋಗಿಬಿಟ್ಟರೇನೋ ಅಂದುಕೊಂಡಿದ್ದ. ತಾಯಿ ಮರಾಠಿಯಲ್ಲಿ ಮಾತಿಗೆ ಶುರುಮಾಡಿದರೆ ಅದಕ್ಕೂ ತಡೆ, ಕೊನೆಗೆ ಇಂಟರ್‌ಕಾಮನ್ನೇ ಬಂದ್ ಮಾಡಿದರಂತೆ.

ಹೆಂಡತಿಯ ಚಪ್ಪಲಿಯನ್ನಂತೂ ವಾಪಸ್ ಕೊಡಲೇ ಇಲ್ಲ. ಅದರಲ್ಲೇನೋ ಚಿಪ್ ಇದೆ ಅಂದರು. ದಿಲ್ಲಿಯಿಂದ ದುಬೈಗೆ ಏರ್ ಇಂಡಿಯಾದಲ್ಲಿ, ಅಲ್ಲಿಂದ ಎಮಿರೇಟ್ಸ್‌ನಲ್ಲಿ ಅದೇ ಚಪ್ಪಲಿ ಹಾಕಿಕೊಂಡು ಹೋಗಿದ್ದಾರೆ, ಎರಡು ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಕಾಣದ ಚಿಪ್ ಇಸ್ಲಾಮಾಬಾದಿನಲ್ಲಿ ಕಂಡಿತೇ ಅಂತ ಸುಷ್ಮಾ ಕೇಳಿದರು. ಬಳ್ಳಾರಿಯಲ್ಲಿ ಕನ್ನಡ ಕಲಿತು ಭಾಷಣ ಮಾಡಿದ್ದ ಹೆಂಗಸು ಅದು, ಮಾತಿನ ಮೊನೆ ಎಲ್ಲಿ ಚುಚ್ಚಬೇಕೆಂದು ಗೊತ್ತಿತ್ತು. ಆ ವಾರ ಸದನ ನೆಟ್ಟಗೆ ನಡೆದದ್ದೇ ಕಮ್ಮಿ. ನಮ್ಮ ಅನಂತಕುಮಾರ ಹೆಗಡೆಯವರು ಸಂವಿಧಾನದ ಬಗ್ಗೆ ಆಡಿದ ಮಾತಿನ ಗಲಾಟೆ ನಡೆಯುತ್ತಿತ್ತು, ಅದಕ್ಕೆ ಲೋಕಸಭೆಯಲ್ಲಿ ಅವರು ಕ್ಷಮೆ ಕೇಳಿದ್ದೂ ಅದೇ ದಿನ. ಅಷ್ಟಿದ್ದರೂ ಈ ವಿಷಯಕ್ಕೆ ಎಲ್ಲರೂ ಒಂದೇ ದನಿ. ಅಪಮಾನ ಒಬ್ಬ ತಾಯಿಗಲ್ಲ, ದೇಶಕ್ಕೇ ಆದದ್ದು ಅಂದರು ಕಾಂಗ್ರೆಸ್ಸಿನ ಗುಲಾಂ ನಬಿ ಆಜಾದ್ ಕೂಡ.

ಈಗ 2025ರ ಫೆಬ್ರವರಿಗೆ ಬನ್ನಿ. 5ನೇ ತಾರೀಖು ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿಯಿತು. ಸಿ-17, ಸರಕು ಸಾಗಿಸುವ ದೊಡ್ಡ ವಿಮಾನ. ಒಳಗೆ ಅಕ್ರಮವಾಗಿ ನೆಲೆಸಿದವರೆಂದು ಗಡೀಪಾರಾದ 104 ಮಂದಿ ನಮ್ಮವರು, ಹರಿಯಾಣ, ಗುಜರಾತ್, ಪಂಜಾಬಿನವರೇ ಜಾಸ್ತಿ. ಕೈಗೆ ಕೋಳ, ಕಾಲಿಗೆ ಸರಪಳಿ. ಇದು ಯಾರೋ ಕದ್ದು ತೆಗೆದ ವಿಡಿಯೋದಿಂದ ಗೊತ್ತಾದದ್ದಲ್ಲ. ಅಮೆರಿಕದ ಗಡಿ ಪಡೆಯ ಮುಖ್ಯಸ್ಥರೇ ಹಿನ್ನೆಲೆ ಸಂಗೀತ ಹಾಕಿ ಹಂಚಿಕೊಂಡಿದ್ದರು.

ಮರುದಿನ ಸಂಸತ್ತಿನಲ್ಲಿ ಗದ್ದಲ. ವಿರೋಧ ಪಕ್ಷದ ಕೆಲವು ಸಂಸದರು ಕೈಗೆ ಕೋಳ ತೊಟ್ಟು ಹೊರಗೆ ನಿಂತರು. ವಿದೇಶಾಂಗ ಸಚಿವ ಜೈಶಂಕರ್ ರಾಜ್ಯಸಭೆಯಲ್ಲಿ ಎದ್ದರು. ಗಡೀಪಾರು ಹೊಸದಲ್ಲ, 2009ರಲ್ಲಿ 734 ಮಂದಿ, 2019ರಲ್ಲಿ 2,042 ಮಂದಿ ಬಂದಿದ್ದಾರೆ. ಬೇಡಿ ಹಾಕಿ ಕರೆತರುವುದು 2012ರಿಂದ ಅಮೆರಿಕದ ಎಸ್‌ಒಪಿಯಲ್ಲೇ, ಅಂದರೆ ಅವರ ಕಾರ್ಯವಿಧಾನದ ನಿಯಮದಲ್ಲೇ ಇದೆ. ಹೆಂಗಸರಿಗೂ ಮಕ್ಕಳಿಗೂ ಬೇಡಿ ಹಾಕುವುದಿಲ್ಲ ಅಂತ ಅಮೆರಿಕದವರು ತಿಳಿಸಿದ್ದಾರೆ. ಇದು ಉತ್ತರದ ಸಾರ. ಇಳಿದು ಬಂದ ಹೆಂಗಸರಲ್ಲಿ ಕೆಲವರು ತಮಗೂ ಬೇಡಿ ಹಾಕಿದ್ದರು ಅಂತ ಪತ್ರಕರ್ತರಿಗೆ ಹೇಳಿದ್ದೇ ಬೇರೆ.

ಅದನ್ನು ಓದಿ ಹೇಳಿದಾಗ ನನ್ನಮ್ಮ ಕೇಳಿದ್ದು, "ಕಾಲುಂಗುರದ ಕಾಲಿಗೇ ಸರಪಳಿ ಹಾಕಿದ್ರೇನೋ?"

ಒಂದು ಸಂಗತಿ ಯಾರೂ ಎತ್ತಿದ್ದು ನಾನು ಕಾಣಲಿಲ್ಲ. 2017ರ ಡಿಸೆಂಬರಿನಲ್ಲಿ ವಿದೇಶಾಂಗ ಕಾರ್ಯದರ್ಶಿ ಯಾರು? ಇದೇ ಜೈಶಂಕರ್. ಚಪ್ಪಲಿಯೊಳಗಿನ ಚಿಪ್‌ಗೆ ಸೆಡ್ಡು ಹೊಡೆದ ಇಲಾಖೆಯೇ ಸರಪಳಿಯ ನಿಯಮ ಓದಿ ಹೇಳಿತು. ಅವರನ್ನು ದಡ್ಡರೆಂದು ನಾನು ಯಾವತ್ತೂ ಅಂದುಕೊಂಡಿಲ್ಲ, ಅದಕ್ಕೇ ಇದು ಹೆಚ್ಚು ಚುಚ್ಚುತ್ತದೆ. ಒಂದು ವಾರದಲ್ಲಿ ಪ್ರಧಾನಿ ವಾಷಿಂಗ್ಟನ್ನಿಗೆ ಹೋಗುವವರಿದ್ದರು, ಸುಂಕದ ಕತ್ತಿ ನೆತ್ತಿಯ ಮೇಲಿತ್ತು. ಮಾತು ಮೆತ್ತಗಾಗಿದ್ದಕ್ಕೆ ಅದೇ ಕಾರಣ ಅಂತ ನನ್ನ ಅನಿಸಿಕೆ.

ಅವರೇನು ದೇಶಕ್ಕಾಗಿ ಹೋದವರಾ, ಏಜೆಂಟನಿಗೆ ಲಕ್ಷಗಟ್ಟಲೆ ಸುರಿದು ಡಂಕಿ ಅನ್ನುವ ಕಳ್ಳದಾರಿಯಲ್ಲಿ ಗಡಿ ದಾಟಿದವರು, ಮಾಡಿದ್ದುಣ್ಣೋ ಮಹಾರಾಯ ಅಂತ ಕಾಮೆಂಟು ಬರುತ್ತದೆ, ಗೊತ್ತು. ನನ್ನ ಭಾವನೇ ಹಾಕುತ್ತಾನೆ. ಕಳಿಸಬೇಡಿ ಅಂತ ಯಾರೂ ಅನ್ನುತ್ತಿಲ್ಲ ಭಾವ. ಕಳಿಸುವ ರೀತಿಯ ಮಾತು ಇದು. ಜನವರಿ ಕೊನೆಯಲ್ಲಿ ಕೊಲಂಬಿಯಾ ಏನು ಮಾಡಿತು? ಇಂಥದೇ ಸೇನಾ ವಿಮಾನಗಳನ್ನು ಇಳಿಯಗೊಡಲಿಲ್ಲ. ಟ್ರಂಪ್ ಸುಂಕದ ಬೆದರಿಕೆ ಹಾಕಿದ ಕೂಡಲೇ ಬಗ್ಗಿತು, ಅದೂ ನಿಜ. ಆದರೆ ಬಗ್ಗಿದ ಮೇಲೂ ತನ್ನದೇ ವಿಮಾನ ಕಳಿಸಿ ತನ್ನವರನ್ನು ಕೋಳವಿಲ್ಲದೆ ಕರೆತಂದಿತು. ನಮಗೆ ವಿಮಾನಕ್ಕೆ ಬರವೇ? ಮುಂದೆ ನಮ್ಮ ಸರ್ಕಾರವೂ, ಬೇಡಿ ಹಾಕುವ ಬಗ್ಗೆ, ಅದರಲ್ಲೂ ಹೆಂಗಸರಿಗೆ ಹಾಕುವ ಬಗ್ಗೆ ಅಮೆರಿಕಕ್ಕೆ ಕಳವಳ ತಿಳಿಸಿದ್ದೇವೆ ಅಂದಿತು. ಅಂದರೆ ತಕರಾರಿಗೆ ಜಾಗ ಇತ್ತು ಅಂತಾಯಿತಲ್ಲ.

ಇನ್ನೊಂದು ಮಾತು. ಜಾಧವ್ ಪ್ರಕರಣದಲ್ಲಿ ಅಷ್ಟಿಷ್ಟು ಕೆಲಸ ಮಾಡಿದ್ದು ಸದನದ ಕೂಗಾಟವಲ್ಲ, 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ಪರದೇಶದಲ್ಲಿ ಸೆರೆ ಸಿಕ್ಕವನಿಗೆ ತನ್ನ ರಾಯಭಾರ ಕಚೇರಿಯವರನ್ನು ಕಾಣುವ ಹಕ್ಕು ಕೊಡುವುದು ಅದೇ. ಅದನ್ನೇ ಹಿಡಿದು ಭಾರತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, ಹರೀಶ್ ಸಾಳ್ವೆ ಒಂದು ರೂಪಾಯಿ ಫೀಸಿಗೆ ವಾದಿಸಿದರು, 2019ರ ಜುಲೈ 17ರಂದು 15-1ರ ತೀರ್ಪು ಬಂತು. ಬಿಡುಗಡೆ ಸಿಗಲಿಲ್ಲ. ಶಿಕ್ಷೆಯನ್ನು ಮರುಪರಿಶೀಲಿಸಿ ಅಂದರು, ಗಲ್ಲು ತಡೆಯಿತು. ಆ ವಿಧಿಯಲ್ಲಿ ಒಳ್ಳೆಯ ಕೈದಿ, ಕೆಟ್ಟ ಕೈದಿ ಅಂತ ಇಲ್ಲ.

ಕೊನೆಗೆ ನರೇಶ್ ಅಗರ್ವಾಲ್ ವಿಷಯ. ಸುಷ್ಮಾ ಹೇಳಿಕೆಯ ಹಿಂದಿನ ದಿನ ಸಮಾಜವಾದಿ ಪಕ್ಷದ ಈ ಸಂಸದರು, ಪಾಕಿಸ್ತಾನ ಜಾಧವ್‌ರನ್ನು ಉಗ್ರ ಅಂದುಕೊಂಡಿದೆ, ಹಾಗೇ ನಡೆಸಿಕೊಳ್ಳುತ್ತದೆ, ಅಲ್ಲಿನ ಜೈಲುಗಳಲ್ಲಿ ಇನ್ನೂ ಎಷ್ಟೋ ಭಾರತೀಯರಿದ್ದಾರೆ, ಜಾಧವ್ ಒಬ್ಬರ ಮಾತೇ ಯಾಕೆ ಅಂದುಬಿಟ್ಟರು. ದೇಶವೆಲ್ಲ ಅವರ ಮೇಲೆ ಮುಗಿಬಿತ್ತು. (ಮೂರು ತಿಂಗಳಾಗುವುದರೊಳಗೆ ಅವರು ಬಿಜೆಪಿ ಸೇರಿದರು, ಅದಿರಲಿ.) ಮಾತಿನ ಮೊದಲರ್ಧ ಅಸಹ್ಯ. ಉಳಿದರ್ಧ? 2008ರ ಒಪ್ಪಂದದಂತೆ ಎರಡೂ ದೇಶಗಳು ಪ್ರತಿವರ್ಷ ಜನವರಿ 1 ಮತ್ತು ಜುಲೈ 1ರಂದು ಕೈದಿಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. 2025ರ ಜನವರಿಯ ಪಟ್ಟಿಯಲ್ಲಿ ಪಾಕಿಸ್ತಾನದ ಕೈಯಲ್ಲಿದ್ದ ನಮ್ಮ ಮೀನುಗಾರರು 217. ಹೆಚ್ಚಿನವರು ಗುಜರಾತ್ ಮತ್ತು ದೀವ್ ಕಡೆಯವರು. ಸಮುದ್ರದಲ್ಲಿ ಕಾಣದ ಗೆರೆ ದಾಟಿದ್ದೇ ಅಪರಾಧ. ಬೋಟೂ ಹೋಯಿತು, ವರ್ಷಗಳೂ ಹೋದವು. 2018ರಲ್ಲಿ ನಮ್ಮ ಉತ್ತರ ಕನ್ನಡದ ಮೀನುಗಾರರು ದುಬೈಯಿಂದ ಮೀನಿಗೆ ಹೋಗಿ ಇರಾನಿನಲ್ಲಿ ಸಿಕ್ಕಿಬಿದ್ದಾಗ ಕುಮಟಾ, ಭಟ್ಕಳದ ಕಡೆ ಮನೆಮಂದಿ ಪಟ್ಟ ಪಾಡು ಕರಾವಳಿಯವರಿಗೆ ನೆನಪಿರಬಹುದು.

ಅಗರ್ವಾಲ್‌ಗೆ ಬೈದು ಆ ದಿನ ನಾನೂ ಬರೆದಿದ್ದೆ. ಉದ್ದದ ಬರಹ, ಸಿಕ್ಕಾಪಟ್ಟೆ ಲೈಕು ಬಿದ್ದಿತ್ತು. ಮೀನುಗಾರರ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಅಳಿಸಿಲ್ಲ, ಕೆಳಗೆ ಸರಿಸುತ್ತಾ ಹೋದರೆ ಸಿಗುತ್ತದೆ.